ಸ್ಟಾಕ್ ಹಗುರ ಮಾಡಿದ ಮೇಲೆ ಏರ್ ರೈಫಲ್ ಗುರಿ ಮೇಲೆ-ಕೆಳಗೆ ಹೋಗುತ್ತಿದೆ

ಪ್ರಶ್ನೆ (ಬನಶಂಕರಿಯಿಂದ):
ನಮಸ್ಕಾರ. ನನ್ನದು .177 ಬ್ರೇಕ್ ಬ್ಯಾರಲ್ (ಬ್ಯಾರಲ್ ಮಡಚಿ ಸ್ಪ್ರಿಂಗ್ ಎಳೆಯುವ) ಸ್ಪ್ರಿಂಗ್ ಏರ್ ರೈಫಲ್. ಹಿಡಿದು ಹಿಡಿದು ಕೈ ನೋಯುತ್ತದೆ ಅಂತ ಬಡಗಿ ಹತ್ತಿರ ಹಗುರ ಮರದ ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಕೊಡುವ ಭಾಗ) ಮಾಡಿಸಿದೆ. ಈಗ 10 ಮೀಟರ್‌ನಲ್ಲಿ ಪೆಲೆಟ್‌ಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬೀಳುತ್ತಿವೆ. ಎಡ-ಬಲ ಸರಿಯಾಗಿದೆ. ಬ್ಯಾರಲ್ ಕೆಟ್ಟಿತಾ? ಇದರ ಬದಲು ಬಿಡಿಭಾಗ ತಂದು ಹಗುರದ ಸೆಮಿ ಆಟೋಮ್ಯಾಟಿಕ್ ರೈಫಲ್ ಜೋಡಿಸಿಕೊಳ್ಳೋಣ ಅಂತಲೂ ಒಂದು ಯೋಚನೆ ಇದೆ.

ಉತ್ತರ 1:
ಕೊನೇ ಯೋಚನೆ ಇಲ್ಲಿಗೇ ಬಿಡಿ ಗುರು. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ನಿಮ್ಮ ಏರ್ ರೈಫಲ್ 4.5 ಮಿ.ಮೀ. (.177) ಬೋರ್, ಅಂದರೆ ಬ್ಯಾರಲ್ ಒಳವ್ಯಾಸ, ಮತ್ತು 20 ಜೂಲ್ ಹೊಡೆತದ ಶಕ್ತಿಯ ಮಿತಿಯೊಳಗೆ ಇದ್ದರೆ ಲೈಸೆನ್ಸ್ ತಂಟೆ ಇಲ್ಲ, ಅಷ್ಟೇ.

ಬ್ಯಾರಲ್ ಮೇಲೆ ಸುಮ್ನೆ ಅನುಮಾನ ಬೇಡ. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಗಾಳಿಯ ಒತ್ತಡಕ್ಕೆ ತಡೆದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಈ ಆಟ ಶುರುವಾಗಿರುತ್ತದೆ. ತೂಕ ಕಮ್ಮಿಯಾದಷ್ಟೂ ಅಲುಗಾಟ ಜಾಸ್ತಿ. ಹಳೇ ಸ್ಟಾಕ್‌ನ ಭಾರ ನಿಮ್ಮ ತಪ್ಪು ಹಿಡಿತವನ್ನು ಮುಚ್ಚಿಡುತ್ತಿತ್ತು.

ಮೊದಲು ಸ್ಟಾಕ್ ಸ್ಕ್ರೂ ನೋಡಿ. ಮೆತ್ತನೆ ಮರ ಸ್ಕ್ರೂ ತಲೆಯ ಕೆಳಗೆ ಒತ್ತಿಕೊಂಡು ಹೋಗುತ್ತದೆ. ಬಿಗಿ ಮಾಡಿದ ಸ್ಕ್ರೂ ಸ್ವಲ್ಪ ಹೊತ್ತಿಗೇ ಸಡಿಲ. ಮುಂಭಾಗದ ಎರಡು ಸ್ಕ್ರೂ ಬಿಚ್ಚಿ ನೋಡಿದರೆ ಮರದಲ್ಲಿ ಹಳ್ಳ ಕಾಣುತ್ತದೆ. ಎಸ್.ಪಿ. ರಸ್ತೆ ಕಡೆ ಹೋದಾಗ ಕಪ್ ವಾಷರ್ (ಸ್ಕ್ರೂ ತಲೆ ಕೂರುವ ಬಟ್ಟಲಿನಾಕಾರದ ಬಳೆ) ತನ್ನಿ, ಜೊತೆಗೆ ಬಿಚ್ಚಬಹುದಾದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು). ಮರ ಸೀಳುವ ಹಾಗೆ ಬಿಗಿಯಬೇಡಿ.

ಉತ್ತರ 2:
ಸ್ಕೋಪ್ (ಗುರಿ ನೋಡುವ ದುರ್ಬೀನು) ಇದ್ದರೆ ಅದನ್ನೂ ನೋಡಿ ಸಾರ್. ಸ್ಕೋಪ್ ಹಿಡಿದಿಡುವ ರಿಂಗ್ ಅಂಚಿನಿಂದ ಸ್ಕೋಪ್ ಕೊಳವೆ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ, ರಿಂಗ್‌ನಿಂದ ಅದು ಕೂರುವ ರೇಲ್ ಮೇಲೆ ಇನ್ನೊಂದು. ಕೆಲವು ಸುತ್ತು ಹೊಡೆದ ಮೇಲೆ ಗೆರೆ ತಪ್ಪಿದ್ದರೆ ಮೌಂಟ್ ಜಾರುತ್ತಿದೆ ಅಂತ ಗೊತ್ತಾಗುತ್ತದೆ. ದೂರದ ಗುರಿಗೆಂದು ಪ್ಯಾರಲಾಕ್ಸ್ ಹೊಂದಿಸಿದ ಸ್ಕೋಪ್ ಆದರೆ 10 ಮೀಟರ್‌ನಲ್ಲಿ ಕಣ್ಣು ಸ್ವಲ್ಪ ಸರಿದರೂ ಗುರಿ ಸರಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಪೆಲೆಟ್ ಹಾಕದೆ ಖಾಲಿ ಹೊಡೆಯಲೂ ಬೇಡಿ, ಪಿಸ್ಟನ್ ಸೀಲ್ ಕೆಡುತ್ತದೆ.

ಪ್ರಶ್ನೆ ಕೇಳಿದವರು:
ಪೆನ್ಸಿಲ್ ಗೆರೆ ಅಲುಗಾಡಿಲ್ಲ. ಸ್ಕ್ರೂ ಕೆಳಗೆ ಮರ ಹಳ್ಳವಾಗಿದ್ದು ನಿಜ. ವಾಷರ್ ಹಾಕಿದೆ, ಸಾಲು ಅರ್ಧಕ್ಕೆ ಇಳಿಯಿತು. ಇನ್ನೂ ಸ್ವಲ್ಪ ಉದ್ದ ಇದೆ.

ಉತ್ತರ 1:
ಉಳಿದದ್ದು ಹಿಡಿತದ್ದು. ರೈಫಲ್ ಎರಡೂ ಕಡೆ ಸಮತೂಕವಾಗುವ ಜಾಗದ ಕೆಳಗೆ ಅಂಗೈ ಬಿಚ್ಚಿ, ರೈಫಲನ್ನು ಅದರ ಮೇಲೆ ಸುಮ್ನೆ ಇಡಿ, ಗಟ್ಟಿಯಾಗಿ ಹಿಡಿಯಬೇಡಿ. ಅಂಗೈ ಇಡುವ ಜಾಗಕ್ಕೆ ಟೇಪ್ ಅಂಟಿಸಿ, ಪ್ರತಿ ಸಲ ಅಲ್ಲೇ ಇರಲಿ. ಕೈ ನೋವಿಗೆ ತೂಕ ಇಳಿಸುವುದಕ್ಕಿಂತ ತೂಕವನ್ನು ಭುಜದ ಕಡೆಗೆ ಸರಿಸುವುದೇ ಒಳ್ಳೆಯ ದಾರಿ. ಹಿಂಬದಿಯ ಸ್ಟಾಕ್ ಒಳಗೆ ಸೀಸದ ತುಂಡು ಹಾಕಿ, ಅಲುಗದ ಹಾಗೆ ಅಂಟಿಸಿ ನೋಡಿ. ಇದನ್ನೆಲ್ಲ ಮನೆ ತಾರಸಿ ಮೇಲೆ ಪರೀಕ್ಷೆ ಮಾಡಬೇಡಿ ಮತ್ತೆ, ರೇಂಜ್‌ಗೇ ಹೋಗಿ.