ಹಳೇ ಸಮುದ್ರ ಜೀವಿಗಳ ಮೇಲೆ ಪಿಎಚ್.ಡಿ. ನಂಬಿಕೊಂಡು ಹೋಗಬಹುದಾ?

ತಂಗಿ ಧಾರವಾಡದಲ್ಲಿ ಎಂ.ಎಸ್ಸಿ. ಜಿಯಾಲಜಿ ಮುಗಿಸುತ್ತಿದ್ದಾಳೆ. ಕೋಟ್ಯಂತರ ವರ್ಷ ಹಿಂದಿನ ಸಮುದ್ರ ಜೀವಿಗಳ ಪಳೆಯುಳಿಕೆಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅಂತ ಹಟ. ಮನೆಯಲ್ಲಿ "ಚಿಪ್ಪು ಹೆಕ್ಕಿದರೆ ಹೊಟ್ಟೆ ತುಂಬುತ್ತಾ?" ಅಂತಾರೆ. ಅನುಭವ ಇದ್ದವರು ಹೇಳಿ.

ಉತ್ತರ 1
ಕಳಿಸಿ ಅಣ್ಣಾ. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಧಾರವಾಡದ ಸುತ್ತಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಆಗ ಚಿಪ್ಪಿರುವ ಪ್ರಾಣಿಯೇ ಇರಲಿಲ್ಲ. ಹಾಗಾಗಿ ಫೀಲ್ಡ್‌ಗೆ ಹೊರಗೇ ಹೋಗಬೇಕು: ಗುಜರಾತಿನ ಕಚ್ಛ್, ಹಿಮಾಚಲದ ಸ್ಪಿತಿ, ಇಲ್ಲ ಹತ್ತಿರದಲ್ಲೇ ತಮಿಳುನಾಡಿನ ಅರಿಯಲೂರು ಕಡೆ. ಅಲ್ಲಿ ಕಾರೈ ಹತ್ತಿರದ ಬೋಳು ಜೇಡಿ ದಿಬ್ಬಗಳಲ್ಲಿ ಬೆಲೆಮ್ನೈಟ್‌ಗಳು (ಸ್ಕ್ವಿಡ್‌ನ ಹಳೇ ನೆಂಟರು) ಬಂದೂಕಿನ ಗುಂಡಿನ ಹಾಗೆ ನೆಲದ ಮೇಲೇ ಬಿದ್ದಿರುತ್ತವೆ. ಚೆಂದದ್ದನ್ನಷ್ಟೇ ಹೆಕ್ಕಿ ತಂದರೆ ಶೋಕೇಸಿಗೆ ಸರಿ, ಸಂಶೋಧನೆಗೆ ಸಾಲದು. ಮುರಿದ ಚೂರನ್ನೂ ಎಣಿಸಬೇಕು, ಯಾವ ಪದರದ್ದು ಅಂತ ಬರೆದಿಡಬೇಕು. ಒಂದು ಕಡೆ 500 ಚಿಪ್ಪು, ಇನ್ನೊಂದು ಕಡೆ 50 ಸಿಕ್ಕರೆ ಮೊದಲನೆಯದರಲ್ಲಿ ಜಾಸ್ತಿ ಜಾತಿ ಕಾಣುವುದು ಸಹಜ ಅಲ್ವಾ? ಅದು ನಿಜವಾದ ವೈವಿಧ್ಯವಾ, ನಾವು ಜಾಸ್ತಿ ಹುಡುಕಿದ್ದರ ಫಲವಾ ಅನ್ನುವುದೇ ಈ ವಿಷಯದ ಅರ್ಧ ಜಗಳ.

1982ರಲ್ಲಿ ರಾಪ್ ಮತ್ತು ಸೆಪ್ಕೋಸ್ಕಿ ಅನ್ನೋ ಇಬ್ಬರು ಅಮೆರಿಕನ್ ಪಳೆಯುಳಿಕೆ ತಜ್ಞರು ಸಮುದ್ರ ಪ್ರಾಣಿಗಳ ಕುಟುಂಬಗಳ (ಹತ್ತಿರದ ಜಾತಿಗಳ ಗುಂಪುಗಳ) ಲೆಕ್ಕ ಇಟ್ಟುಕೊಂಡೇ ಸಾಮೂಹಿಕ ಅಳಿವುಗಳನ್ನು ತೋರಿಸಿದರು. ಈಗ ಅಂಥ ಲೆಕ್ಕಕ್ಕೆ ಪೇಲಿಯೋಬಯಾಲಜಿ ಡೇಟಾಬೇಸ್ (ಜಗತ್ತಿನ ಪಳೆಯುಳಿಕೆ ದಾಖಲೆಗಳ ಆನ್‌ಲೈನ್ ಸಂಗ್ರಹ) ಪುಕ್ಕಟೆ ಸಿಗುತ್ತದೆ. ತಂಗಿಗೆ ಈಗಿನಿಂದಲೇ ಸ್ಟ್ಯಾಟಿಸ್ಟಿಕ್ಸ್ ಮತ್ತು 'ಆರ್' (ಅಂಕಿ-ಅಂಶ ಲೆಕ್ಕದ ಕಂಪ್ಯೂಟರ್ ಭಾಷೆ) ಕಲಿಯಲು ಹೇಳಿ. ಸುತ್ತಿಗೆ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ, ಲೆಕ್ಕವೂ ಬರುವವರು ಕಮ್ಮಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ದೊಡ್ಡ ಚಿಪ್ಪಿನ ಮೋಹ ಸ್ವಲ್ಪ ಬಿಡಲಿ. ನನ್ನ ಸಲಹೆ ಫೊರಾಮಿನಿಫೆರಾ, ಅಂದರೆ ಚಿಪ್ಪಿರುವ ಒಂದೇ ಕೋಶದ ಪುಟಾಣಿ ಸಮುದ್ರ ಜೀವಿಗಳು. ಜೇಡಿ ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒಣಗಿಸಿ, ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಒದ್ದೆ ಮಾಡಿದ ಸಣ್ಣ ಬ್ರಷ್‌ನ ತುದಿಯಿಂದ ಒಂದೊಂದೇ ಎತ್ತಿ ಸ್ಲೈಡಿಗೆ ಇಡುವ ಕೆಲಸ. ಕುತ್ತಿಗೆ ಹಿಡಿಯುತ್ತದೆ, ಸುಳ್ಳು ಹೇಳಲ್ಲ. ಆದರೆ ಚಿಟಿಕೆ ಮಣ್ಣಲ್ಲೇ ನೂರಾರು ಸಿಗುತ್ತವೆ, ಎಣಿಕೆಗೆ ಕೊರತೆಯೇ ಇಲ್ಲ. ಬಂಡೆಯ ವಯಸ್ಸು ಹೇಳುತ್ತವೆ ಅಂತ ತೈಲ ಹುಡುಕುವವರಿಗೂ ಇವು ಬೇಕು. ಅಂದರೆ ಪ್ರೊಫೆಸರ್ ಕೆಲಸ ಸಿಗದಿದ್ದರೂ ಇನ್ನೊಂದು ಬಾಗಿಲು ಇರುತ್ತದೆ.

ಉತ್ತರ 3
ಹೊಟ್ಟೆಪಾಡಿನ ಮಾತು ಯಾರೂ ಪೂರ್ತಿ ಹೇಳಲಿಲ್ಲ, ನಾನೇ ಹೇಳುತ್ತೇನೆ. ನೆಟ್ (NET) ಪರೀಕ್ಷೆಯಲ್ಲಿ ಭೂವಿಜ್ಞಾನ ತಗೊಂಡು ಜೆ.ಆರ್.ಎಫ್. (ಸಂಶೋಧನೆಗೆ ತಿಂಗಳು ತಿಂಗಳು ಹಣ ಕೊಡುವ ಫೆಲೋಶಿಪ್) ಹೊಡೆಯಲಿ, ಫೆಲೋಶಿಪ್ ಕೈಯಲ್ಲಿದ್ದರೆ ಗೈಡ್ ಆರಿಸಿಕೊಳ್ಳುವುದು ಸಲೀಸು. ಜೊತೆಗೆ ಸರ್ಕಾರಿ ಭೂವಿಜ್ಞಾನಿ ಹುದ್ದೆಗಳಿಗೆ ನಡೆಯುವ ಯು.ಪಿ.ಎಸ್.ಸಿ.ಯ ಜಿಯೋ-ಸೈಂಟಿಸ್ಟ್ ಪರೀಕ್ಷೆಯನ್ನೂ ಬರೆಯಲಿ, ಓದು ಬಹುಪಾಲು ಒಂದೇ. ಪಳೆಯುಳಿಕೆ ಸಂಶೋಧನೆ ಮಾಡುವ ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ಜಾಹೀರಾತುಗಳ ಮೇಲೂ ಕಣ್ಣಿರಲಿ. ಇಷ್ಟಾದರೂ ಕಾಯಂ ಕೆಲಸಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಮನೆಯವರಿಗೆ ಅದನ್ನು ಮುಚ್ಚಿಡಬೇಡಿ.

ಆಮೇಲೆ, ಎಲ್ಲೇ ಸೇರುವ ಮೊದಲು ಆ ಗೈಡ್‌ನ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿಸಿ. ಥೀಸಿಸ್ ಎಷ್ಟು ವರ್ಷಕ್ಕೆ ಮುಗಿಯಿತು, ಫೀಲ್ಡ್ ಖರ್ಚು ಯಾರು ಕೊಟ್ಟರು, ಈಗ ಎಲ್ಲಿದ್ದಾರೆ, ಇಷ್ಟು ಕೇಳಿದರೆ ಸಾಕು.