ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ) ಓದಲು 4 ಲಕ್ಷ ಸಾಲ ಮಾಡಬಹುದಾ? ಅನುಭವ ಇದ್ದವರು ಹೇಳಿ

ಬಿ.ಎ. ಕೊನೆ ವರ್ಷದ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಕಬಡ್ಡಿ ಆಡುತ್ತೇನೆ, ವಿಶ್ವವಿದ್ಯಾಲಯ ತಂಡದಲ್ಲಿದ್ದೇನೆ. ಬಿ.ಪಿ.ಎಡ್. ಮಾಡಿ ಪಿ.ಟಿ. ಟೀಚರ್ ಆಗುವ ಆಸೆ. ಒಂದು ಖಾಸಗಿ ಕಾಲೇಜಿನಲ್ಲಿ ವಿಚಾರಿಸಿದೆ. ಎರಡು ವರ್ಷದ ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ 4 ಲಕ್ಷ ಅಂದರು. ಅಪ್ಪನಿಗೆ ಎರಡು ಎಕರೆ ಮೆಕ್ಕೆಜೋಳದ ಹೊಲ ಬಿಟ್ಟರೆ ಬೇರೆ ಆದಾಯವಿಲ್ಲ. ಪೂರ್ತಿ ಸಾಲವೇ ಮಾಡಬೇಕು. ಈ ಓದಿಗೆ ಅಷ್ಟು ಸಾಲ ಮಾಡಬಹುದಾ? ಸಂಬಳ ನಿಜಕ್ಕೂ ಎಷ್ಟು ಬರುತ್ತದೆ?

ಖಾಸಗಿ ಪ್ರೌಢಶಾಲೆಯ ಪಿ.ಟಿ. ಟೀಚರ್, ತುಮಕೂರು

ತಂಗಿ, ಓದು ಬೇಡ ಅನ್ನುವುದಿಲ್ಲ. 4 ಲಕ್ಷ ಬೇಡ ಅನ್ನುತ್ತೇನೆ.

ಸರ್ಕಾರಿ ಕೆಲಸ ಸಿಕ್ಕರೆ ಸಾಲ ತೀರಿಸುವುದು ಕಷ್ಟವಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ನಮ್ಮ ಹುದ್ದೆಯ ಮೂಲ ವೇತನ 44,900ರಿಂದ ಶುರು, ಮೇಲೆ ಭತ್ಯೆ ಬೇರೆ. ಆದರೆ ನೇಮಕಾತಿ ಯಾವಾಗ ಕರೆಯುತ್ತಾರೋ ಹೇಳಲಾಗದು. ಬ್ಯಾಂಕಿನ ಕಂತು ಅದಕ್ಕೆ ಕಾಯುವುದಿಲ್ಲ ಅಲ್ವಾ? ಹಾಗಾಗಿ ಮೊದಲು ಸಿಗುವ ಖಾಸಗಿ ಶಾಲೆ ಸಂಬಳ ನೋಡಿ ಸಾಲದ ಅಳತೆ ಹಾಕಿ.

ಆ ಸಂಬಳ, ನಾನು ಕಂಡ ಮಟ್ಟಿಗೆ, ತಾಲ್ಲೂಕು ಕೇಂದ್ರಗಳಲ್ಲಿ 12ರಿಂದ 18 ಸಾವಿರ. ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ 25-30 ಸಾವಿರ ಕೊಡುತ್ತಾರೆ, ರೂಮಿನ ಬಾಡಿಗೆಗೆ ಅದರಲ್ಲಿ ಒಳ್ಳೆ ಪಾಲು ಹೋಗುತ್ತದೆ. ಏಪ್ರಿಲ್-ಮೇ ಸಂಬಳ ಕೊಡದ ಶಾಲೆಗಳೂ ಇವೆ. ಸೇರುವ ಮುಂಚೆ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ.

ಕೆಲಸ ಮಾತ್ರ ಎಲ್ಲಿ ಹೋದರೂ ಕಡಿಮೆಯಿಲ್ಲ. ಕ್ರೀಡಾಕೂಟದ ಹಿಂದಿನ ದಿನ ಬೆಳಗ್ಗೆ ಐದಕ್ಕೇ ಮೈದಾನದಲ್ಲಿರುತ್ತೇನೆ. ಹಗ್ಗ ಹಿಡಿಯಲು ಹತ್ತನೇ ತರಗತಿಯ ಇಬ್ಬರು ಹುಡುಗರು. ಗೂಟ ಹೊಡೆದು, ಟೇಪು ಎಳೆದು, ಸುಣ್ಣದ ಪುಡಿ ಹಾಕಿ 200 ಮೀಟರ್ ಟ್ರ್ಯಾಕ್ ಎಳೆಯುವ ಹೊತ್ತಿಗೆ ಪ್ರಾರ್ಥನೆಯ ಬೆಲ್ಲು. ಅದಾದ ಮೇಲೆ ಬಸ್ ಡ್ಯೂಟಿ, ರಜೆ ಹಾಕಿದ ಟೀಚರ್‌ಗಳ ಪೀರಿಯಡ್ಡು. ಆದರೂ ಸಂಬಳ ಏರಿಸುವಾಗ ನಮ್ಮ ಹೆಸರು ಪಟ್ಟಿಯ ಕೊನೆಯಲ್ಲಿರುತ್ತದೆ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಮೇಲ್ಸಂಪಾದನೆಗೆ ದಾರಿ ಉಂಟು. ಬೇಸಿಗೆ ಶಿಬಿರ ನಡೆಸಬಹುದು. ಕಬಡ್ಡಿ ರೆಫರಿ ಪರೀಕ್ಷೆ ಪಾಸು ಮಾಡಿಕೊಂಡರೆ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಕರೆಯುತ್ತಾರೆ. ಪರೀಕ್ಷೆಗೆ ಈಗಲೇ ಓದಲು ಶುರು ಮಾಡಿ. ಆದರೆ ಆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಅದನ್ನು ನಂಬಿ ಕಂತು ಕಟ್ಟುವ ಲೆಕ್ಕ ಹಾಕಬೇಡಿ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಲೆಕ್ಕ ನಾನು ಹೇಳುತ್ತೇನಮ್ಮ. ವರ್ಷಕ್ಕೆ 2 ಲಕ್ಷದಂತೆ ಎರಡು ಕಂತಿನಲ್ಲಿ ಸಾಲ ಬಿಡುಗಡೆ, ಬಡ್ಡಿ 10 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕಟ್ಟಲು ಶುರು ಮಾಡುವಾಗ 4 ಲಕ್ಷ ಹೋಗಿ 5 ಲಕ್ಷ ಆಗಿರುತ್ತದೆ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಹತ್ತಿರ ಹತ್ತಿರ 8,300. ಹದಿನೈದು ಸಾವಿರ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಸಾಲ 1.5 ಲಕ್ಷಕ್ಕೆ ಇಳಿದರೆ ಕಂತು 3,100ರ ಆಸುಪಾಸು. ಅದಾದರೆ ತಡೆಯಬಹುದು.

4 ಲಕ್ಷದವರೆಗೆ ಹೊಲ ಅಡ ಇಡುವ ಅಗತ್ಯವಿಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು ಅಷ್ಟೇ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ 1 ಪರ್ಸೆಂಟ್ ರಿಯಾಯಿತಿ ಸಿಗಬಹುದು. ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ. ಎರಡನ್ನೂ ನೀವೇ ಕೇಳಿ.

ದೈಹಿಕ ಶಿಕ್ಷಣ ನಿರ್ದೇಶಕ, ಪದವಿ ಕಾಲೇಜು, ಶಿವಮೊಗ್ಗ

ಖಾಸಗಿ ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ ವಿಶ್ವವಿದ್ಯಾಲಯದ ಸೀಟಿಗೆ ಪ್ರಯತ್ನಪಡಿ. ನಿಮಗೆ ಹತ್ತಿರವೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಬೆಂಗಳೂರು ವಿಶ್ವವಿದ್ಯಾಲಯದ್ದೇ ದೈಹಿಕ ಶಿಕ್ಷಣ ಕಾಲೇಜಿದೆ. ಫೀಸಿನಲ್ಲಿ ತುಂಬಾ ವ್ಯತ್ಯಾಸ. ನೀವು ಆಡಿದ ಕಬಡ್ಡಿಯ ಸರ್ಟಿಫಿಕೇಟ್‌ಗಳಿಗೆ ಬೆಲೆ ಬರುವುದೂ ಆಯ್ಕೆಯ ಹೊತ್ತಿನಲ್ಲೇ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿ. ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಖರ್ಚಿನ ದೊಡ್ಡ ಭಾರ ಇಳಿಯಿತು.

ಎಲ್ಲಿ ಸೇರಿದರೂ ಎನ್‌ಸಿಟಿಇ (ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಮಾನ್ಯತೆ ಇದೆಯಾ ಅಂತ ನೋಡಿಯೇ ಸೇರಿ. ಅದಿಲ್ಲದ ಪದವಿ ಸರ್ಕಾರಿ ನೇಮಕಾತಿಯಲ್ಲಿ ನಡೆಯುವುದಿಲ್ಲ.

ಬಿ.ಪಿ.ಎಡ್. ಒಂದರ ಮೇಲೇ ನಿಲ್ಲಬೇಡಿ. ಎಂ.ಪಿ.ಎಡ್. (ಎರಡು ವರ್ಷದ ಸ್ನಾತಕೋತ್ತರ ಪದವಿ) ಮುಗಿಸಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಹುದ್ದೆಗೆ ಅರ್ಹತೆ ಬರುತ್ತದೆ. ಅಲ್ಲಿ ಯುಜಿಸಿ ಮೂಲ ವೇತನ 57,700. ಆ ಎರಡು ವರ್ಷ ಓದುವ ಧೈರ್ಯ ಇರಬೇಕೆಂದರೆ ಈಗಿನ ಸಾಲ ಸಣ್ಣದಿರಬೇಕು. ಬಿ.ಪಿ.ಎಡ್. ಸಾಲದ ಕಂತಿಗೆ ಹೆದರಿ ಎಂ.ಪಿ.ಎಡ್. ಬಿಟ್ಟ ಒಳ್ಳೊಳ್ಳೆ ಆಟಗಾರರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಹಾವೇರಿ ವಿದ್ಯಾರ್ಥಿನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಂಗಳಿಗೆ 8,300 ಅಂದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. 1.5 ಲಕ್ಷದೊಳಗೆ ಆದರೆ ಸಹಿ ಹಾಕುತ್ತೇನೆ ಅಂದರು. ಶಂಕರಘಟ್ಟಕ್ಕೆ ಹೋಗಿ ವಿಚಾರಿಸುತ್ತೇನೆ. ಸರ್, ದೇಹದಾರ್ಢ್ಯ ಪರೀಕ್ಷೆ ಇಟ್ಟರೆ ಓಟ ಪರವಾಗಿಲ್ಲ, ಗುಂಡು ಎಸೆತ ನನಗೆ ಬರುವುದಿಲ್ಲ. ಏನು ಮಾಡಲಿ?

ದೈಹಿಕ ಶಿಕ್ಷಣ ನಿರ್ದೇಶಕ, ಶಿವಮೊಗ್ಗ

ಯಾವ್ಯಾವ ಸ್ಪರ್ಧೆ ಇಡುತ್ತಾರೆ ಅಂತ ವಿಭಾಗದಲ್ಲೇ ಕೇಳಿಕೊಳ್ಳಿ. ಗುಂಡು ಇದ್ದರೆ ಮಹಿಳೆಯರದ್ದು 4 ಕೆ.ಜಿ. ಶಾಲೆಯಲ್ಲಿ ನೀವು ಎತ್ತಿದ್ದು 3 ಕೆ.ಜಿ.ಯದು ಇರಬಹುದು, ಅದರಲ್ಲಿ ಅಭ್ಯಾಸ ಮಾಡಬೇಡಿ. ನಿಮ್ಮ ಕಾಲೇಜಿನ ಸ್ಟೋರ್ ರೂಮಿನಲ್ಲಿ 4 ಕೆ.ಜಿ.ಯದು ಇದ್ದೇ ಇರುತ್ತದೆ, ನಿಮ್ಮ ಪಿ.ಟಿ. ಸರ್ ಹತ್ತಿರ ಕೇಳಿ ಇಸಿದುಕೊಳ್ಳಿ.