ಫೋರ್‌ಕಾಸ್ಟ್ ಚೆನ್ನಾಗಿದ್ದರೂ ಅಲೆ ಉದ್ದಕ್ಕೂ ಒಟ್ಟಿಗೇ ಮಗುಚುತ್ತದೆ, ಯಾಕೆ?

ಉಪ್ಪುನೀರು:
ನಾನು ಸರ್ಫ್ ಮಾಡುವುದು ಮರಳು ತಳದ ಬೀಚ್‌ನಲ್ಲಿ. ಮೊನ್ನೆ ಆ್ಯಪ್‌ನಲ್ಲಿ ಸ್ವೆಲ್ (ದೂರದಿಂದ ಉರುಳಿ ಬರುವ ಅಲೆ) 1.2 ಮೀಟರ್, ಪೀರಿಯಡ್ (ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯುವ ಹೊತ್ತು) 14 ಸೆಕೆಂಡ್, ಗಾಳಿ ಇಲ್ಲವೇ ಇಲ್ಲ ಅಂತಿತ್ತು. ಹೋಗಿ ನೋಡಿದರೆ ಅಲೆ ಈ ತುದಿಯಿಂದ ಆ ತುದಿವರೆಗೂ ಒಟ್ಟಿಗೇ ಬೀಳುತ್ತಿದೆ, ಬೋರ್ಡ್ ಮೇಲೆ ಎದ್ದು ನಿಂತರೂ ಪಕ್ಕಕ್ಕೆ ಹೋಗಲು ಜಾಗವಿಲ್ಲ. ಹೋದ ತಿಂಗಳು ಬರೀ 8 ಸೆಕೆಂಡ್ ಇದ್ದ ದಿನ ಅದೇ ಜಾಗದಲ್ಲಿ ಒಳ್ಳೊಳ್ಳೆ ಅಲೆ ಸಿಕ್ಕಿತ್ತು. ಯಾವುದನ್ನು ನಂಬಬೇಕು?

ಕಡಲಕಾಗೆ:
ಆ್ಯಪ್ ಸುಳ್ಳು ಹೇಳಿಲ್ಲ, ಆದರೆ ಅದಕ್ಕೆ ನಿಮ್ಮ ಬೀಚ್‌ನ ಮರಳು ಕಾಣುವುದಿಲ್ಲ. 14 ಸೆಕೆಂಡಿನ ಸ್ವೆಲ್ ದೂರದ ಬಿರುಗಾಳಿಯಿಂದ ಬರುವಂಥದ್ದು, ಆಳ ಸಮುದ್ರದಲ್ಲಿ ಅಲೆಯಿಂದ ಅಲೆಗೆ ಸುಮಾರು 300 ಮೀಟರ್ ಅಂತರ, ಸಾಲುಗಳು ಉದ್ದ ಮತ್ತು ನೇರ. ನೀರಿನ ಆಳ ಅಲೆಯ ಎತ್ತರದ ಹೆಚ್ಚುಕಡಿಮೆ 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಮರಳದಿಣ್ಣೆ ಉದ್ದಕ್ಕೂ ಒಂದೇ ಸಮ ಇದ್ದರೆ ಇಡೀ ಸಾಲು ಒಂದೇ ಸಲ ಆ ಆಳಕ್ಕೆ ಬರುತ್ತದೆ, ಅದೇ ಕ್ಲೋಸ್‌ಔಟ್. 8 ಸೆಕೆಂಡಿನದು ತುಂಡುತುಂಡಾಗಿ ಬರುತ್ತದೆ, ಎರಡು ದಿಕ್ಕಿನಿಂದ ಬಂದರೆ ಇನ್ನೂ ಒಳ್ಳೆಯದು, ಅಲ್ಲಲ್ಲಿ ಒಂದೊಂದು ಕಡೆ ಎತ್ತರಕ್ಕೆ ಎದ್ದು ಅಲ್ಲಿಂದ ಪಕ್ಕಕ್ಕೆ ಮುರಿಯುತ್ತಾ ಹೋಗುತ್ತದೆ. ಹೀಗೆ ಮರಳಿನ ಮೇಲೆ ಅಲೆ ಮುರಿಯುವ ಬೀಚ್ ಬ್ರೇಕ್‌ಗೆ ನನ್ನ ಮತ ಯಾವತ್ತೂ ಅದಕ್ಕೇ.

ದಡದವನು:
ಉಬ್ಬರ ಇಳಿತ ನೋಡಿದ್ರಾ? ನನ್ನ ಪ್ರಕಾರ ಅದೇ ಅರ್ಧ ಉತ್ತರ. ಇಳಿತದ ಹೊತ್ತಿಗೆ ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ಸುಮ್ನೆ ನೋಡಿ. ಬಿಳಿ ನೊರೆ ಏಳುವ ಕಡೆ ದಿಣ್ಣೆ ಇದೆ. ಎರಡು ನೊರೆಗಳ ನಡುವೆ ಅಲೆ ಮುರಿಯದೆ ನೀರು ಕಪ್ಪಗೆ ಕಾಣುವ ಪಟ್ಟಿ ಇದ್ದರೆ ಅದು ಚಾನೆಲ್, ಅಂದರೆ ದಿಣ್ಣೆಗಳ ನಡುವಿನ ಆಳದ ಜಾಗ. ಸವಾರಿ ಸಿಗುವುದು ದಿಣ್ಣೆಯ ಆ ಅಂಚಿನಲ್ಲಿ, ನಟ್ಟನಡುವೆ ಅಲ್ಲ. ಇಳಿತದಲ್ಲಿ ದಬಕ್ಕನೆ ಬೀಳುವ ಅಲೆ ನೀರು ಅರ್ಧ ಏರಿದ ಮೇಲೆ ಎಷ್ಟೋ ಸಲ ಸರಿಹೋಗುತ್ತದೆ. ಗಾಳಿಗೆ ಬೆಳಗ್ಗೆಯೇ ವಾಸಿ, ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಶುರುವಾದರೆ ಎಲ್ಲಾ ಕಲಸಿಹೋಗುತ್ತದೆ.

ಅಲೆಗಾರ್ತಿ:
ಒಂದು ಮಾತು ಸೇರಿಸಲೇಬೇಕು. ಆ ಕಪ್ಪು ಪಟ್ಟಿಯಲ್ಲೇ ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿನತ್ತ ಎಳೆಯುವ ಸೆಳೆತ, ಇರುತ್ತದೆ. ಅಲೆ ಇಲ್ಲ, ನೀರು ಶಾಂತವಾಗಿದೆ ಅಂತ ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಹಾಕಿಕೊಂಡರೆ ಬೋರ್ಡ್ ಬಿಡಬೇಡಿ, ನೇರ ದಡಕ್ಕೆ ಬರಲು ಒದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ನೊರೆ ಇರುವ ಕಡೆಗೆ ಪ್ಯಾಡಲ್ ಮಾಡಿ. ಕ್ಲೋಸ್‌ಔಟ್ ದಿನ ಬಿದ್ದರೆ ತಲೆ ಮುಂದಾಗಿ ಧುಮುಕಬೇಡಿ, ಕೆಳಗೆ ಎಷ್ಟೋ ಸಲ ಸೊಂಟದಷ್ಟೂ ನೀರಿರುವುದಿಲ್ಲ, ಕುತ್ತಿಗೆಗೇ ಪೆಟ್ಟು.

ಉಪ್ಪುನೀರು:
ತುಂಬಾ ಥ್ಯಾಂಕ್ಸ್. ಹಾಗಾದರೆ ಹೋದ ತಿಂಗಳಿನ ಜಾಗಕ್ಕೇ ಉಬ್ಬರ ನೋಡಿಕೊಂಡು ಹೋದರೆ ಸಾಕಲ್ವಾ?

ಕಡಲಕಾಗೆ:
ಆ ದಿಣ್ಣೆ ಈಗ ಅಲ್ಲೇ ಇರುತ್ತದೆ ಅಂತ ಹೇಳಲಾಗದು. ಒಂದು ದೊಡ್ಡ ಸ್ವೆಲ್ ಬಂದುಹೋದರೆ ಮರಳು ಜಾಗ ಬದಲಿಸಿರುತ್ತದೆ. ಮೊದಲು ದಡದಲ್ಲಿ ನಡೆದು ನೋಡಿ, ಆಮೇಲೆ ಬೋರ್ಡ್ ಇಳಿಸಿ.